ಮುಷ್ಟಿಮಣೆ: ವೈಕಿಂಗರ ಆಟವೊಂದನ್ನು ಕೈಯಾರೆ ಮಾಡಿದ ಕತೆ

(ಸ್ಟಾಕ್‌ಹೋಮ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರು ಸೇರಿದ್ದ ಒಂದು ಭಾನುವಾರ ಆಡಿದ ಮಾತುಗಳು ಇವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಈ ಚೀಲ ಮುಂದಿನ ಸಾಲಿನಿಂದ ಹಿಂದಕ್ಕೆ ಹೋಗಲಿ. ಒಳಗೆ 25 ಕಾಯಿಗಳಿವೆ. ಒಂದೊಂದನ್ನೇ ತೆಗೆದು ಕೈಯಲ್ಲಿ ಹಿಡಿದು ನೋಡಿ. ಮೂಸಿ ನೋಡಿದರೂ ಪರವಾಗಿಲ್ಲ. ಬಿಳಿ 16, ಕಪ್ಪು 8, ರಾಜ ಒಂದು. ಕಪ್ಪಿನಲ್ಲಿ ಒಂದು ಕಾಯಿ ಮಾತ್ರ ಉಳಿದವುಗಳ ಜಾತಿಗೆ ಸೇರಿದ್ದಲ್ಲ. ಏನದು ಅಂತ ನೋಡಿದ ಕೂಡಲೇ ನಿಮಗೆ ಗೊತ್ತಾಗುತ್ತದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮಕ್ಕಳ ಕೈಗೂ ಕೊಡಿ, ಬಾಯಿಗೆ ಹಾಕಿಕೊಳ್ಳದಿದ್ದರೆ ಸಾಕು.

ಈ ಆಟದ ಹೆಸರು ಹ್ನೆಫಟಾಫ್ಲ್. ಸರಿಯಾಗಿ ಹೇಳಲು ನನಗೇ ಎರಡು ತಿಂಗಳು ಬೇಕಾಯಿತು, ಈಗಲೂ ಇಲ್ಲಿಯವರು ಕೇಳಿ ನಗುತ್ತಾರೆ. ವೈಕಿಂಗರು ಅಂದರೆ ಸಾವಿರ ವರ್ಷದ ಹಿಂದೆ ಈ ಉತ್ತರದ ನಾಡುಗಳಲ್ಲಿದ್ದ ಕಡಲಯಾನಿಗಳು. ಅವರ ಹಳೆಯ ನಾರ್ಸ್ ಭಾಷೆಯಲ್ಲಿ ಹ್ನೆಫಿ ಅಂದರೆ ಮುಷ್ಟಿ. ಆಟದ ರಾಜನನ್ನೂ ಹಾಗೇ ಕರೆಯುತ್ತಿದ್ದರು. ಟಾಫ್ಲ್ ಅಂದರೆ ಮಣೆ. ಅದು ಲ್ಯಾಟಿನ್ನಿನ ಟಾಬುಲಾದಿಂದ ಬಂದದ್ದು, ನಾವು ದಿನಾ ಬಳಸುವ ಟೇಬಲ್ಲಿನ ದಾಯಾದಿ. ನಮ್ಮ ಮನೆಯಲ್ಲಿ ಇದಕ್ಕೆ ಸುಮ್ನೆ ಮುಷ್ಟಿಮಣೆ ಅಂತ ಹೆಸರಿಟ್ಟಿದ್ದೇವೆ. ಅಳಗುಳಿಮಣೆ ಇದ್ದ ಹಾಗೆ ಮುಷ್ಟಿಮಣೆ.

ಆಟ ಹೀಗೆ. ಮಣೆಯ ನಟ್ಟನಡುವೆ ರಾಜ. ಸುತ್ತ ಅವನ ಕಾವಲಿನವರು. ನಾಲ್ಕೂ ಅಂಚಿನಲ್ಲಿ ಶತ್ರುಗಳು, ಕಾವಲಿನವರ ಎರಡರಷ್ಟು. ಎಲ್ಲ ಕಾಯಿಗಳೂ ಚದುರಂಗದ ಆನೆಯ ಹಾಗೆ ನೇರವಾಗಿ ಓಡುತ್ತವೆ, ದಾರಿ ಖಾಲಿ ಇದ್ದಷ್ಟು ದೂರ. ಎದುರಾಳಿಯ ಕಾಯಿಯನ್ನು ಎರಡು ಬದಿಯಿಂದ ಒತ್ತಿದರೆ ಅದು ಸತ್ತ ಹಾಗೆ. ರಾಜ ಅಂಚಿನ ಮನೆ ಮುಟ್ಟಿದರೆ ಅವನು ಗೆದ್ದ. ಅದಕ್ಕೆ ಮುಂಚೆ ಸಿಕ್ಕಿಬಿದ್ದರೆ ಸೋತ. ಅಷ್ಟೇ.

ಹುಲಿ-ಕುರಿ ಆಟ ಆಡಿದವರಿಗೆ ಇದು ಕೂಡಲೇ ಹಿಡಿಸುತ್ತದೆ. ಎರಡು ಪಕ್ಷದ ಸಂಖ್ಯೆ ಸಮ ಅಲ್ಲ, ಗುರಿಯೂ ಒಂದೇ ಅಲ್ಲ. ಒಬ್ಬನಿಗೆ ತಪ್ಪಿಸಿಕೊಳ್ಳುವ ಚಿಂತೆ, ಇನ್ನೊಬ್ಬನಿಗೆ ಕಟ್ಟಿಹಾಕುವ ಚಿಂತೆ. ಹಾಗಂತ ವೈಕಿಂಗರು ನಮ್ಮಿಂದ ಕಲಿತರು ಅಂತ ವಾಟ್ಸಾಪ್‌ನಲ್ಲಿ ಹಾಕಬೇಡಿ. ಹೋಲಿಕೆ ಇದೆ ಅಂದೆ, ನೆಂಟಸ್ತಿಕೆ ಇದೆ ಅನ್ನಲಿಲ್ಲ.

ನಾನು ಬಡಗಿ ಅಲ್ಲ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಪರೀಕ್ಷೆ ಮಾಡುವವನು. ಈ ಊರಿನ ಚಳಿಗಾಲದಲ್ಲಿ ಮಧ್ಯಾಹ್ನ ಮೂರಕ್ಕೆ ಕತ್ತಲಾಗುತ್ತದಲ್ಲ, ಆ ಕತ್ತಲು ಕಳೆಯಲು ಉಳಿ ಹಿಡಿದೆ. ಮೊದಲು ಚಮಚ ಕೆತ್ತಿದೆ. ಆಮೇಲೆ ಸ್ಟಾಕ್‌ಹೋಮಿನ ಇತಿಹಾಸ ಮ್ಯೂಸಿಯಂಗೆ ಹೋದಾಗ ಬಿರ್ಕಾದ ಸಮಾಧಿಗಳ ಸಾಮಾನು ನೋಡಿದೆ. ಬಿರ್ಕಾ ಅಂದರೆ ಇಲ್ಲೇ ಮೆಲಾರೆನ್ ಸರೋವರದ ದ್ವೀಪದಲ್ಲಿದ್ದ ವೈಕಿಂಗರ ಪೇಟೆ. ನೀವೂ ಬೇಸಿಗೆಯಲ್ಲಿ ದೋಣಿ ಹತ್ತಿ ಹೋಗಿರುತ್ತೀರಿ. ಅಲ್ಲಿನ ಒಂದು ಸಮಾಧಿಯನ್ನು 1878ರಲ್ಲಿ ಯಾಲ್ಮಾರ್ ಸ್ಟೋಲ್ಪೆ ಅಗೆದರು. ಕತ್ತಿ, ಕೊಡಲಿ, ಈಟಿ, ಬಾಣ, ಎರಡು ಕುದುರೆ, ಜೊತೆಗೆ ಆಟದ ಕಾಯಿಗಳು. ಇಷ್ಟೆಲ್ಲ ಇದ್ದ ಮೇಲೆ ಯಾರೋ ದೊಡ್ಡ ಗಂಡು ಯೋಧ ಅಂತ ನೂರಕ್ಕೂ ಹೆಚ್ಚು ವರ್ಷ ಎಲ್ಲರೂ ನಂಬಿದ್ದರು. 2017ರಲ್ಲಿ ಡಿಎನ್‌ಎ ಪರೀಕ್ಷೆ ಮಾಡಿದಾಗ ಮೂಳೆ ಹೆಂಗಸಿನದು ಅಂತ ಗೊತ್ತಾಯಿತು. ಆಕೆ ನಿಜಕ್ಕೂ ಯೋಧೆಯೋ ಅಲ್ಲವೋ ಅಂತ ಪಂಡಿತರು ಇನ್ನೂ ಜಗಳ ಆಡುತ್ತಿದ್ದಾರೆ. ನನ್ನ ಕಣ್ಣು ಮಾತ್ರ ಕಾಯಿಗಳ ಮೇಲೆ ನೆಟ್ಟಿತ್ತು. ಅವುಗಳಲ್ಲಿ ಒಂದಕ್ಕೆ ಕಬ್ಬಿಣದ ಮೊಳೆ ಹೊಡೆದಿದ್ದಾರೆ. ಅದೇ ರಾಜ. ಇದನ್ನು ನಾನೂ ಮಾಡಬಹುದಲ್ಲ ಅನ್ನಿಸಿತು.

ಮಾಡಬಹುದು ಅಂತ ಅಂದುಕೊಳ್ಳುವುದು ಸುಲಭ.

ಮೊದಲನೇ ತೊಂದರೆ ನಿಯಮದ್ದು. ವೈಕಿಂಗರು ಈ ಆಟದ ಬಗ್ಗೆ ಕವಿತೆ ಕಟ್ಟಿದರು, ಒಗಟು ಹೇಳಿದರು, ಜಂಬ ಕೊಚ್ಚಿದರು. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಓರ್ಕ್ನಿ ದ್ವೀಪಗಳ ಸಾಮಂತ ರೋಗ್ನ್ವಾಲ್ಡ್ 12ನೇ ಶತಮಾನದಲ್ಲಿ ತನಗೆ ಗೊತ್ತಿರುವ ಒಂಬತ್ತು ವಿದ್ಯೆಗಳನ್ನು ಪಟ್ಟಿ ಮಾಡಿದ. ಮೊದಲನೆಯದೇ ಮಣೆ ಆಟ. ಹಿಮದ ಮೇಲೆ ಜಾರುವುದು, ಬಿಲ್ಲು ಹಿಡಿಯುವುದು, ದೋಣಿ ಹುಟ್ಟು ಹಾಕುವುದು ಎಲ್ಲ ಆಮೇಲೆ. ಆದರೆ ಹೇಗೆ ಆಡಬೇಕು ಅಂತ ಒಬ್ಬನೂ ಬರೆದಿಡಲಿಲ್ಲ. ಯಾಕೆ ಬರೆಯುತ್ತಾರೆ ಹೇಳಿ? ನಮ್ಮಲ್ಲಿ ಚೌಕಾಬಾರದ ನಿಯಮವನ್ನು ಯಾವ ಅಜ್ಜಿ ಬರೆದಿಟ್ಟಿದ್ದಾಳೆ? ಪಕ್ಕದಲ್ಲಿ ಕೂತು ನೋಡಿದರೆ ಬರುತ್ತದೆ.

ನಿಯಮ ಸಿಕ್ಕಿದ್ದು ನೂರಾರು ವರ್ಷ ಆದ ಮೇಲೆ, ಅದೂ ಆಟದ ತಂಗಿಯೊಬ್ಬಳದ್ದು. 1732ರಲ್ಲಿ ಉಪ್ಸಾಲಾದ 25 ವರ್ಷದ ಹುಡುಗನೊಬ್ಬ ಗಿಡಮೂಲಿಕೆ ಹುಡುಕಿಕೊಂಡು ಉತ್ತರಕ್ಕೆ, ಸಾಮಿ ಜನರ ನಾಡಿಗೆ ಹೋದ. ಅವನೇ ಕಾರ್ಲ್ ಲಿನೇಯಸ್. ಆಮೇಲೆ ಗಿಡಮರ, ಪ್ರಾಣಿಗಳಿಗೆಲ್ಲ ಎರಡೆರಡು ಪದದ ಹೆಸರಿಟ್ಟ ಮಹಾಶಯ. ಅಲ್ಲಿ ಸಾಮಿಗಳು ಟಾಬ್ಲುಟ್ ಅನ್ನುವ ಆಟ ಆಡುತ್ತಿದ್ದುದನ್ನು ನೋಡಿ ತನ್ನ ಡೈರಿಯಲ್ಲಿ ಮಣೆಯ ಚಿತ್ರ ಬರೆದು, ನಿಯಮಗಳನ್ನು ಲ್ಯಾಟಿನ್ನಿನಲ್ಲಿ ಗುರುತು ಹಾಕಿಕೊಂಡ. ಒಂಬತ್ತಕ್ಕೆ ಒಂಬತ್ತು ಮನೆ. ರಾಜ ಸ್ವೀಡನ್ನಿನವನು, ಜೊತೆಗೆ ಎಂಟು ಜನ. ಎದುರಿಗೆ 16 ಜನ ಮಾಸ್ಕೋದವರು. ಆಗಿನ ರಾಜಕೀಯ ಆಟದೊಳಗೂ ನುಗ್ಗಿತ್ತು, ನೋಡಿ. ರಾಜನಿಗೆ ಅಂಚಿಗೆ ಹೋಗಲು ಒಂದು ದಾರಿ ತೆರೆದರೆ ಆಡುವವನು 'ರೈಚಿ' ಅನ್ನಬೇಕು, ಎರಡು ದಾರಿ ತೆರೆದರೆ 'ಟುಯಿಚು'. ಟುಯಿಚು ಅಂದರೆ ಕತೆ ಮುಗಿಯಿತು ಅಂತಲೇ. ಎರಡನ್ನೂ ಒಟ್ಟಿಗೆ ಮುಚ್ಚಲಾಗುವುದಿಲ್ಲವಲ್ಲ.

ಈ ಡೈರಿಯೂ ನೇರವಾಗಿ ನಮಗೆ ಸಿಗಲಿಲ್ಲ. ಲಿನೇಯಸ್ ಸತ್ತ ಮೇಲೆ ಅವನ ಸಂಗ್ರಹವನ್ನು ಜೇಮ್ಸ್ ಎಡ್ವರ್ಡ್ ಸ್ಮಿತ್ ಅನ್ನುವ ಇಂಗ್ಲಿಷಿನವನು ಕೊಂಡ. 1811ರಲ್ಲಿ ಡೈರಿಯ ಇಂಗ್ಲಿಷ್ ಅನುವಾದ ಬಂತು. ರಾಜನನ್ನು ಹಿಡಿಯುವ ನಿಯಮ ಅದರಲ್ಲಿ ಎಡವಟ್ಟಾಯಿತು. ನಟ್ಟನಡುವಿನ ಮನೆ, ಅಂದರೆ ಸಿಂಹಾಸನದಲ್ಲಿ ಕೂತಿದ್ದರೆ ನಾಲ್ಕು ಕಡೆ, ಅದರ ಪಕ್ಕದಲ್ಲಿದ್ದರೆ ಮೂರು ಕಡೆ, ಬೇರೆಲ್ಲಾದರೂ ಇದ್ದರೆ ಎರಡೇ ಕಡೆ ಮುತ್ತಿದರೆ ಸಾಕು. ಇದು ಮೂಲ. ಅನುವಾದ ಓದಿದವರಿಗೆ ಎಲ್ಲೇ ಇದ್ದರೂ ನಾಲ್ಕು ಕಡೆ ಮುತ್ತಬೇಕು ಅನ್ನಿಸಿತು. ಹಾಗೆ ಆಡಿ ನೋಡಿ, ರಾಜನನ್ನು ಹಿಡಿಯುವುದು ಹರಸಾಹಸ. ಆಟ ಒಂದೇ ಕಡೆ ವಾಲಿತು. ಅದನ್ನು ಸರಿ ಮಾಡಲು ಆಮೇಲಿನವರು ರಾಜ ಮೂಲೆಗೇ ಹೋಗಬೇಕು ಅಂತೆಲ್ಲ ಹೊಸ ಕಟ್ಟಳೆ ಹಾಕಿದರು. ಈಗ ಅಂಗಡಿಯಲ್ಲಿ ಸಿಗುವ ಪೆಟ್ಟಿಗೆಗಳಲ್ಲಿ ಒಂದೊಂದರಲ್ಲಿ ಒಂದೊಂದು ನಿಯಮ ಇರುತ್ತದೆ.

ಅಂದರೆ ಕಾಗದ ನಂಬಿ ಕೂತರೆ ಈ ಆಟ ಪೂರ್ತಿ ಸಿಗುವುದಿಲ್ಲ. ಸಿಕ್ಕಿರುವುದೆಲ್ಲ ವಸ್ತು. ಕೊಂಬು, ತಿಮಿಂಗಿಲದ ಮೂಳೆ, ಗಾಜು, ಅಂಬರು (ಕಲ್ಲಾಗಿ ಹೋದ ಮರದ ಅಂಟು), ಮುರಿದ ಹಲಗೆ. ಅವನ್ನು ಹೇಗೆ ಮಾಡಿದರು ಅಂತ ಕೈಯಿಂದಲೇ ತಿಳಿಯಬೇಕು. ನಾನು ಸುಲಭದ ದಾರಿ ಬಿಟ್ಟು ಹಳೇ ಸಾಮಗ್ರಿ ಹಿಡಿದದ್ದು ಇದಕ್ಕೇ. ಪ್ಲೈವುಡ್ ಮೇಲೆ ಲೇಸರ್‌ನಲ್ಲಿ ಗೆರೆ ಹೊಡೆಸಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ನನಗೆ ಏನೂ ಗೊತ್ತಾಗುತ್ತಿರಲಿಲ್ಲ.

ಹಲಗೆಯಿಂದ ಶುರು ಮಾಡುತ್ತೇನೆ. ಅಲ್ಲೇ ನಾನು ಚೆನ್ನಾಗಿ ಮುಗ್ಗರಿಸಿದ್ದು.

ಗಾಳಿಗೆ ಬಿದ್ದ ಪೈನ್ ಮರದ ಒಂದು ತುಂಡನ್ನು ಪರಿಚಯದವರೊಬ್ಬರು ಕೊಟ್ಟರು. ವೈಕಿಂಗರು ಹಲಗೆಯನ್ನು ಗರಗಸದಲ್ಲಿ ಕೊಯ್ಯುತ್ತಿರಲಿಲ್ಲ, ಬೆಣೆ ಹೊಡೆದು ಸೀಳುತ್ತಿದ್ದರು. ಗರಗಸ ಅವರಿಗೆ ಗೊತ್ತಿತ್ತು. 1936ರಲ್ಲಿ ಗಾಟ್ಲೆಂಡ್ ದ್ವೀಪದ ಮಾಸ್ಟರ್‌ಮಿರ್ ಅನ್ನುವಲ್ಲಿ ರೈತರೊಬ್ಬರು ಉಳುವಾಗ ಓಕ್ ಮರದ ಪೆಟ್ಟಿಗೆ ಸಿಕ್ಕಿತು. ಸಾವಿರ ವರ್ಷದ ಹಿಂದಿನ ಕೆಲಸಗಾರನ ಪೆಟ್ಟಿಗೆ, ಒಳಗೆ 200ಕ್ಕೂ ಹೆಚ್ಚು ಸಾಮಾನು. ಕೊಡಲಿ, ಬಾಚಿ, ಬೈರಿಗೆ, ಅರ, ಗರಗಸ ಎಲ್ಲ ಇದೆ. ನಮ್ಮೂರಿನ ಬಡಗಿ ಬಂದು ನೋಡಿದರೆ ಅರ್ಧಕ್ಕರ್ಧ ಸಾಮಾನನ್ನು ಹೆಸರು ಹಿಡಿದು ಕರೆಯುತ್ತಾನೆ. ಆದರೆ ಗರಗಸ ಸಣ್ಣ ಕೆಲಸಕ್ಕೆ. ದಿಮ್ಮಿಗೆ ಬೆಣೆಯೇ.

ಬೆಣೆ ಹೊಡೆಯುವಾಗ ಒಂದು ಸದ್ದು ಬರುತ್ತದೆ. ಮೊದಲು ಟಣ್ ಟಣ್ ಅಂತ ಗಟ್ಟಿ ಸದ್ದು. ಆಮೇಲೆ ಮರದೊಳಗೆ ಏನೋ ಹರಿದ ಹಾಗೆ ಚಿಟಚಿಟ. ಆಗ ಹೊಡೆಯುವುದನ್ನು ನಿಲ್ಲಿಸಿ ಕಾಯಬೇಕು, ಸೀಳು ತಾನಾಗಿ ಸ್ವಲ್ಪ ದೂರ ಓಡುತ್ತದೆ. ಸೀಳಿದ ಹಲಗೆಯಲ್ಲಿ ಮರದ ನಾರು ತುದಿಯಿಂದ ತುದಿಗೆ ತುಂಡಾಗದೆ ಉಳಿಯುತ್ತದೆ. ತೆಳ್ಳಗಿದ್ದರೂ ಗಟ್ಟಿ. ಅವರ ಹಡಗುಗಳು ಅಲೆಗೆ ಬಳುಕಿಯೂ ಮುರಿಯದೇ ಇದ್ದದ್ದಕ್ಕೆ ಇದೂ ಒಂದು ಕಾರಣ.

ನಾನು ದಿಮ್ಮಿಯ ಹೊರಭಾಗದಿಂದ ಅಗಲವಾದ ಒಂದೇ ಹಲಗೆ ತೆಗೆದೆ. ಬಾಚಿಯಲ್ಲಿ ಸಮ ಮಾಡಿದೆ, ಕೀಸುಳಿ ಹಾಕಿದೆ, ಕನ್ನಡಿ ಹಾಗೆ ಆಯಿತು. ಹೆಮ್ಮೆಯಿಂದ ಮನೆಯೊಳಗೆ ತಂದು ಹೀಟರ್ ಪಕ್ಕ ಒರಗಿಸಿಟ್ಟೆ. ಹಸಿ ಮರ, ಬಿಸಿ ಮನೆ. ಐದನೇ ದಿನಕ್ಕೆ ಹಲಗೆ ದೋಣಿ ಆಗಿತ್ತು. ಸುಮ್ನೆ ಹೇಳುತ್ತಿಲ್ಲ, ನೀರು ಹಾಕಿದ್ದರೆ ನಿಲ್ಲುತ್ತಿತ್ತು. ಹೆಂಡತಿ ಅದರಲ್ಲಿ ಈರುಳ್ಳಿ ಇಟ್ಟಳು, ಇವತ್ತಿಗೂ ಅಡುಗೆಮನೆಯಲ್ಲಿ ಅದೇ ಕೆಲಸ ಮಾಡುತ್ತಿದೆ.

ಯಾಕೆ ಹೀಗಾಯಿತು ಅಂದರೆ, ಮರ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ವರ್ಷದ ಉಂಗುರಗಳ ಸುತ್ತಿನ ಉದ್ದಕ್ಕೆ ಕುಗ್ಗುವುದು ಜಾಸ್ತಿ. ನಡುವಿನಿಂದ ತೊಗಟೆಯ ಕಡೆಗೆ ಹೋಗುವ ದಿಕ್ಕಿನಲ್ಲಿ ಹೆಚ್ಚುಕಡಿಮೆ ಅದರ ಅರ್ಧ. ಹಾಗಾಗಿ ದಿಮ್ಮಿಯನ್ನು ಕಿತ್ತಳೆ ತೊಳೆಯ ಹಾಗೆ ಸೀಳಿದರೆ ಹಲಗೆ ನೆಟ್ಟಗಿರುತ್ತದೆ. ನನ್ನ ಹಾಗೆ ಹೊರಗಿನಿಂದ ಸಿಪ್ಪೆ ಸುಲಿದಂತೆ ತೆಗೆದರೆ ಮುದುಡುತ್ತದೆ. ಆದರೆ ತೊಳೆಯ ಹಾಗೆ ಸೀಳಿದರೆ ಹಲಗೆಯ ಅಗಲ ಕಮ್ಮಿ. ಅಗಲ ಬೇಕು ಅಂದರೆ ಎರಡು ಹಲಗೆ ಕೂಡಿಸಬೇಕು, ಇಲ್ಲವೇ ಮಣೆಯನ್ನೇ ಚಿಕ್ಕದು ಮಾಡಬೇಕು.

ಇಲ್ಲಿ ನನಗೆ ಐರ್ಲೆಂಡಿನ ಬ್ಯಾಲಿಂಡೆರಿ ಮಣೆ ನೆನಪಾಯಿತು. 1932ರಲ್ಲಿ ಸಿಕ್ಕಿದ್ದು, 10ನೇ ಶತಮಾನದ್ದು, ಈಗ ಡಬ್ಲಿನ್ನಿನ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. ಯೂ ಮರದ್ದು. ಪುಟ್ಟ ಮಣೆ, ಒಂದು ಬದಿ ಹೆಚ್ಚುಕಡಿಮೆ 25 ಸೆಂಟಿಮೀಟರ್. ಏಳಕ್ಕೆ ಏಳು, ಒಟ್ಟು 49. ಮನೆಗಳಲ್ಲ, ತೂತುಗಳು! ಕಾಯಿಗಳ ಬದಲು ಗೂಟ ಸಿಕ್ಕಿಸುತ್ತಿದ್ದರು. ಎರಡು ಬದಿಗೆ ಹಿಡಿಗಳಿವೆ, ಒಂದರ ತುದಿಗೆ ಮನುಷ್ಯನ ತಲೆ, ಇನ್ನೊಂದಕ್ಕೆ ಪ್ರಾಣಿಯ ತಲೆ. ತೊಡೆಯ ಮೇಲೆ ಇಟ್ಟುಕೊಂಡು, ಓಲಾಡುವ ದೋಣಿಯಲ್ಲಿ ಕೂತು ಕೂಡ ಆಡಬಹುದು. ಬಸ್ಸಿನಲ್ಲಿ ಆಡುವ ಮ್ಯಾಗ್ನೆಟ್ ಚೆಸ್ ನೆನಪಿದೆಯಾ? ಅದೇ ಯೋಚನೆ, ಸಾವಿರ ವರ್ಷ ಮುಂಚೆ.

ಅದನ್ನೇ ಮಾಡೋಣ ಅನ್ನಿಸಿತು. ಆದರೆ ಯೂ ಮರದ ಪುಡಿ ವಿಷ, ನನ್ನ ಕೆಲಸದ ಜಾಗ ಅಂದರೆ ಮನೆಯ ಬಾಲ್ಕನಿ. ಬೇಡ ಅಂತ ಬಿಟ್ಟೆ. ಅಲ್ಲದೆ ಲಿನೇಯಸ್ ನೋಡಿದ ನಾಡಿನಲ್ಲೇ ಇದ್ದೇನೆ, ಅವನ ಒಂಬತ್ತು ಮನೆಯ ಮಣೆಯೇ ಇರಲಿ ಅಂತ ಹಟ. ಎರಡು ಕಿರಿದಾದ ಹಲಗೆ ಸೀಳಿ, ಈ ಸಲ ಬಾಲ್ಕನಿಯಲ್ಲೇ ನೆರಳಿಗಿಟ್ಟು ಎಂಟು ತಿಂಗಳು ಒಣಗಿಸಿದೆ. ಅಂಚಿಗೆ ಅಂಚು ಸೇರಿಸಿ, ಒಳಗೆ ಮರದ ಮೊಳೆ ಕೊಟ್ಟೆ. ಕೆಳಗೆ ಅಡ್ಡಪಟ್ಟಿ ಎರಡು. ಅಂಟು ಹಾಕಿಲ್ಲ. ಮರ ಉಸಿರಾಡಲಿ ಅಂತ ದೊಡ್ಡದಾಗಿ ಹೇಳಬಹುದು, ನಿಜ ಹೇಳಬೇಕಂದರೆ ಚರ್ಮದಂಟು ಕಾಯಿಸಿದರೆ ಬರುವ ವಾಸನೆಗೆ ಮನೆಯಲ್ಲಿ ಅಪ್ಪಣೆ ಸಿಗಲಿಲ್ಲ.

ಗೆರೆ ಎಳೆಯುವುದು ಸಣ್ಣ ಕೆಲಸ ಅಂದುಕೊಂಡಿದ್ದೆ. ಮೂರು ಸೆಂಟಿಮೀಟರಿನ ಮನೆಗಳು, ಹತ್ತು ಗೆರೆ ಉದ್ದ, ಹತ್ತು ಗೆರೆ ಅಡ್ಡ. ಮೂಲೆಮಟ್ಟ ಇಟ್ಟು ಚಾಕುವಿನಲ್ಲಿ ಗೀಚಿದರೆ ಆಯಿತಲ್ಲ? ಪೈನ್ ಮರದಲ್ಲಿ ಒಂದು ಎಳೆ ಮೆತ್ತಗೆ, ಮುಂದಿನ ಎಳೆ ಗಟ್ಟಿ. ನಾರಿನ ಉದ್ದಕ್ಕೆ ಗೀಚುವಾಗ ಚಾಕು ಮೆತ್ತನೆಯ ಎಳೆ ಹಿಡಿದು ತನ್ನ ಪಾಡಿಗೆ ತಾನು ಹೊರಟುಬಿಡುತ್ತದೆ, ಎತ್ತು ಪರಿಚಯದ ದಾರಿ ಹಿಡಿದ ಹಾಗೆ. ಅಡ್ಡ ಗೀಚುವಾಗ ನಾರು ಕಿತ್ತು ಬರುತ್ತದೆ. ಮೊದಲು ಅಡ್ಡಗೆರೆ ಮುಗಿಸಬೇಕು, ಒಂದೇ ಸಲ ಒತ್ತದೆ ನಾಲ್ಕೈದು ಸಲ ಹಗುರವಾಗಿ ಎಳೆಯಬೇಕು. ಉದ್ದದ ಗೆರೆಗೆ ಚಾಕುವಿನ ತುದಿಯನ್ನು ಪಟ್ಟಿಗೆ ಒರಗಿಸಿಯೇ ಎಳೆಯಬೇಕು. ನನ್ನ ಮಣೆಯಲ್ಲಿ ಬಲಗಡೆಯಿಂದ ಮೂರನೇ ಗೆರೆ ಸೊಟ್ಟಗಿದೆ. ಆಮೇಲೆ ಹತ್ತಿರ ಬಂದು ನೋಡಿ, ಎಲ್ಲಿ ಚಾಕು ಓಡಿತು ಅಂತ ಕಾಣುತ್ತದೆ.

ಗೆರೆಗೆ ಕಪ್ಪು ತುಂಬಲು ಇದ್ದಿಲ ಪುಡಿ ಬಳಸಿದೆ. ಪರೀಕ್ಷೆಗೆ ಅಂತ ಒಂದು ಚೂರು ಹಲಗೆಯ ಮೇಲೆ ನೇರ ಉಜ್ಜಿದಾಗ ಇಡೀ ಚೂರು ಒಲೆ ಒರೆಸಿದ ಬಟ್ಟೆಯ ಹಾಗಾಯಿತು. ಇದ್ದಿಲು ಗೆರೆಗೆ ಮಾತ್ರ ಇಳಿಯುವುದಿಲ್ಲ, ಮರದ ಎಲ್ಲ ಸಂದಿಗೂ ಇಳಿಯುತ್ತದೆ. ಹಾಗಾಗಿ ಮೊದಲು ಅಗಸೆ ಎಣ್ಣೆ ಕುಡಿಸಿ, ಅದು ಒಣಗಿದ ಮೇಲೆ ಗೆರೆ ಗೀಚಿ, ಆಮೇಲೆ ಇದ್ದಿಲನ್ನು ಜೇನುಮೇಣದಲ್ಲಿ ಕಲಸಿ ತುಂಬಿ, ಮೇಲಿನದನ್ನು ಒರೆಸಬೇಕು. ಈ ಕ್ರಮ ಇಲ್ಲಿನ ಹಳೇ ವೀರಗತೆಗಳಾದ ಯಾವ ಸಾಗಾದಲ್ಲೂ ಇಲ್ಲ. ಒಂದು ಚೂರು ಹಲಗೆ ಹೇಳಿಕೊಟ್ಟಿತು.

ಇನ್ನು ಬಿಳಿ ಕಾಯಿಗಳು. ಈಗ ಕೈಯಲ್ಲಿ ಹಿಡಿದಿರುವವರು ಅಡಿಯನ್ನು ತಿರುಗಿಸಿ ನೋಡಿ. ನಡುವೆ ಸಣ್ಣ ಸಣ್ಣ ತೂತು ಕಾಣುತ್ತಾ, ರಾಗಿ ರೊಟ್ಟಿಯ ಮೇಲಿನ ತೂತಿನ ಹಾಗೆ? ಇದು ಹಿಮಜಿಂಕೆಯ ಕೊಂಬು. ನಮ್ಮ ದನದ ಕೊಂಬಿಗೂ ಇದಕ್ಕೂ ಸಂಬಂಧವೇ ಇಲ್ಲ. ದನದ ಕೊಂಬು ಉಗುರಿನ ಜಾತಿ, ಜೀವನಪೂರ್ತಿ ತಲೆಯ ಮೇಲೇ ಇರುತ್ತದೆ. ಜಿಂಕೆಯ ಕವಲುಕೊಂಬು ಮೂಳೆ. ವರ್ಷಕ್ಕೊಮ್ಮೆ ಬೆಳೆದು ವರ್ಷಕ್ಕೊಮ್ಮೆ ಉದುರುತ್ತದೆ. ಹಿಮಜಿಂಕೆಯಲ್ಲಿ ಹೆಣ್ಣಿಗೂ ಕೊಂಬಿರುತ್ತದೆ. ಗಂಡಿನ ಕೊಂಬು ಚಳಿಗಾಲದ ಹೊತ್ತಿಗೆ ಉದುರಿದರೆ, ಬಸಿರಿ ಹೆಣ್ಣು ಕರು ಹಾಕುವವರೆಗೂ ಇಟ್ಟುಕೊಂಡಿರುತ್ತದೆ. ಹಿಮ ಕೆದಕಿ ಮೇವು ಹುಡುಕುವಾಗ ಗಂಡುಗಳನ್ನು ಓಡಿಸಲು ಬೇಕಲ್ಲ.

ನನ್ನದು ಯೋಕ್‌ಮೋಕ್ ಜಾತ್ರೆಯಲ್ಲಿ ಕೊಂಡಿದ್ದು. ಉತ್ತರದ ಧ್ರುವವೃತ್ತದ ಮೇಲೆ ಫೆಬ್ರವರಿಯ ಚಳಿಯಲ್ಲಿ 1605ರಿಂದ ನಡೆಯುತ್ತಿರುವ ಸಾಮಿಗಳ ಜಾತ್ರೆ. ನಾನು ಹೋದ ದಿನ ಮೈನಸ್ 27. ಚೌಕಾಸಿ ಮಾಡಲು ಬಾಯಿ ತೆರೆದರೆ ಹಲ್ಲು ಜುಂ ಅನ್ನುತ್ತಿತ್ತು, ಹೇಳಿದಷ್ಟು ಕೊಟ್ಟು ಬಂದೆ. ಇಲ್ಲೊಂದು ಮಾತು. ಊರಿಗೆ ಹೋಗುವಾಗ ನೆನಪಿಗೆ ಅಂತ ಇಂಥದ್ದನ್ನು ಬ್ಯಾಗಿಗೆ ಹಾಕಿಕೊಳ್ಳಬೇಡಿ. ಊರಲ್ಲಿ ಮಾಡಲು ಹೊರಟರೂ ಜಿಂಕೆಯ ಕೊಂಬು ಹುಡುಕಬೇಡಿ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಕಾಡಿನಲ್ಲಿ ತಾನಾಗಿ ಉದುರಿದ ಕೊಂಬನ್ನು ಮಾರುವುದೂ ಅಪರಾಧ. ತೆಂಗಿನ ಚಿಪ್ಪು ಇದೆ, ಚನ್ನಪಟ್ಟಣದವರು ಬೊಂಬೆಗೆ ಬಳಸುವ ಹಾಲೆ ಮರ ಇದೆ. ಅವೇ ಸಾಕು.

ಕೊಂಬನ್ನು ಕೊಯ್ದಾಗ ನನಗೆ ಮ್ಯೂಸಿಯಂನ ಗಾಜಿನ ಹೊರಗೆ ನಿಂತು ಅರ್ಥವಾಗದ್ದು ಅರ್ಥವಾಯಿತು. ಹಳೆಯ ಕೊಂಬಿನ ಕಾಯಿಗಳು ಅಷ್ಟು ಗಿಡ್ಡಗೆ, ಗುಂಡಗೆ ಯಾಕಿವೆ? ಕೊಂಬಿನ ಹೊರಪದರ ಮಾತ್ರ ಗಟ್ಟಿ. ಒಳಗಡೆ ಸ್ಪಂಜು. ಎತ್ತರದ ಕಾಯಿ ಮಾಡಲು ಹೋದರೆ ಸ್ಪಂಜು ಮೈಮೇಲೆಲ್ಲ ಬಾಯಿ ಬಿಡುತ್ತದೆ. ಗಿಡ್ಡಗೆ, ಮೇಲೆ ಗುಮ್ಮಟದ ಹಾಗೆ ಮಾಡಿದರೆ ಗಟ್ಟಿ ಭಾಗ ಮೇಲೆ ಬರುತ್ತದೆ, ಸ್ಪಂಜು ಅಡಿಗೆ ಹೋಗಿ ಅಡಗುತ್ತದೆ. ಕವಲಿನ ತುದಿ ಮಾತ್ರ ಗಟ್ಟಿಯಾಗಿರುತ್ತದೆ, ಆದರೆ ಒಂದು ಕೊಂಬಿನಲ್ಲಿ ಎಷ್ಟು ತುದಿ ಸಿಕ್ಕೀತು? ದೊಡ್ಡ ಕಾಯಿ ಬೇಕಾದವರಿಗೆ ತಿಮಿಂಗಿಲದ ಮೂಳೆ ಒಳ್ಳೆಯದು. ಬಿರ್ಕಾದ ಪೇಟೆ ಏಳುವ ಮೊದಲೇ ಸ್ವೀಡನ್ನಿನ ಸಮಾಧಿಗಳಲ್ಲಿ ತಿಮಿಂಗಿಲ ಮೂಳೆಯ ಕಾಯಿಗಳು ಕಾಣಿಸಿಕೊಳ್ಳುತ್ತವೆ. ಸಮುದ್ರದಿಂದ ದೂರದ ಒಳನಾಡಿಗೂ ಹೋಗಿವೆ.

ಕೆಲಸ ಹೇಳುತ್ತೇನೆ. ಕೊಂಬನ್ನು ನಾಲ್ಕು ದಿನ ನೀರಿನಲ್ಲಿ ನೆನೆಹಾಕಿದರೆ ಚಾಕುವಿಗೆ ಸ್ವಲ್ಪ ಬಗ್ಗುತ್ತದೆ. ಬಿಲ್ಲೆ ಬಿಲ್ಲೆಯಾಗಿ ಕೊಯ್ಯಬೇಕು. ಅರದಲ್ಲಿ ಉಜ್ಜಬೇಕು. ಆಮೇಲೆ ಒದ್ದೆ ಮರಳು, ಕೊನೆಗೆ ಬೂದಿ ಹಚ್ಚಿದ ಚರ್ಮ. ಒಂದು ಕಾಯಿಗೆ ಎರಡು ಗಂಟೆ ಹಿಡಿಯಿತು. 16 ಕಾಯಿಗೆ ಲೆಕ್ಕ ಹಾಕಿಕೊಳ್ಳಿ. ವಾಸನೆ ಕೇಳಬೇಡಿ. ಹಲ್ಲಿನ ಡಾಕ್ಟರ್ ಹುಳುಕು ಹಲ್ಲು ಕೊರೆಯುವಾಗ ಬರುತ್ತದಲ್ಲ, ಅದೇ. ಪುಡಿ ಶ್ವಾಸಕ್ಕೆ ಒಳ್ಳೆಯದಲ್ಲ, ಮಾಸ್ಕ್ ಹಾಕಿಯೇ ಕೂರಬೇಕು.

ಕಪ್ಪು ಕಾಯಿಗಳು ಓಕ್ ಮರದ್ದು. ಕಾವಲಿನವರೇ ಯಾಕೆ ಕಪ್ಪು ಅಂದರೆ ಒಂದು ಹಳೇ ಒಗಟಿದೆ. ಓಡಿನ್ ದೇವರು ವೇಷ ಮರೆಸಿಕೊಂಡು ಬಂದು ಹೈಡ್ರೆಕ್ ರಾಜನಿಗೆ ಕೇಳುತ್ತಾನೆ: ಆಯುಧವಿಲ್ಲದ ಒಡೆಯನ ಸುತ್ತ ಹೊಡೆದಾಡುವ ಹೆಣ್ಣುಗಳು ಯಾರು, ಕಂದು ಬಣ್ಣದವರು ಕಾಯುತ್ತಾರೆ, ಬಿಳಿಯರು ಮೇಲೆ ಬೀಳುತ್ತಾರೆ, ಅಂತ. ಉತ್ತರ, ಹ್ನೆಫಟಾಫ್ಲ್. ಕಾಯಿಗಳನ್ನು ಹೆಣ್ಣು ಅಂದಿರುವುದು ನನಗೆ ಬಹಳ ಹಿಡಿಸಿತು. ಒಗಟಿನಲ್ಲಿ ಬಣ್ಣ ಹೇಳಿರುವಾಗ ನಾನು ಯಾಕೆ ಬದಲಿಸಲಿ?

ಓಕ್ ತಾನಾಗಿ ಕಪ್ಪಲ್ಲ. ಅದರಲ್ಲಿ ಒಗರು ಜಾಸ್ತಿ. ತುಕ್ಕು ಹಿಡಿದ ಮೊಳೆಗಳನ್ನು ವಿನೆಗರ್‌ನಲ್ಲಿ ಒಂದು ವಾರ ಬಿಟ್ಟು, ಆ ನೀರನ್ನು ಓಕ್ ಮೇಲೆ ಸವರಿದರೆ ಕಣ್ಣೆದುರಿಗೇ ಬಣ್ಣ ತಿರುಗುತ್ತದೆ. ಮೊದಲು ಬೂದು, ಆಮೇಲೆ ನೀಲಿ ಬೆರೆತ ಕಪ್ಪು. ಎರಡು ನಿಮಿಷ ಸಾಕು. ಮೊದಲ ಸಲ ನೋಡಿದಾಗ ಎಲ್ಲೋ ಕಂಡ ಹಾಗಿದೆಯಲ್ಲ ಅನ್ನಿಸಿತು. ಅಪ್ಪ ಹೇಳುತ್ತಿದ್ದ ಹಳೇ ಕಾಲದ ಶಾಯಿ! ಅಳಲೆಕಾಯಿಯ ಕಷಾಯಕ್ಕೆ ಅಣ್ಣಭೇದಿ ಹಾಕಿ ಮಾಡುತ್ತಿದ್ದರಲ್ಲ, ಅದೂ ಇದೇ. ಒಗರಿಗೆ ಕಬ್ಬಿಣ ಸೇರಿದರೆ ಕಪ್ಪು. ಯೂರೋಪಿನಲ್ಲಿ ಓಕ್ ಮರದ ಮೇಲೆ ಹುಳ ಕಟ್ಟುವ ಗಂಟುಗಳಿಂದ ಹೀಗೇ ಶಾಯಿ ಮಾಡುತ್ತಿದ್ದರು.

ರಾಜನ ಕತೆ ಚಿಕ್ಕದು, ನೋವಿನದು. ಬಿರ್ಕಾದ ಹಾಗೆ ತಲೆಗೆ ಕಬ್ಬಿಣದ ಮೊಳೆ ಇರಬೇಕು ಅಂತ ಆಸೆ. ಎಲ್ಲಕ್ಕಿಂತ ಒಳ್ಳೆಯ ತುದಿಕೊಂಬಿನಲ್ಲಿ ಮೂರು ಸಂಜೆ ಕೂತು ಒಬ್ಬ ರಾಜನನ್ನು ಮಾಡಿದೆ. ಮೊಳೆ ಇಟ್ಟು ಒಂದು ಪೆಟ್ಟು ಕೊಟ್ಟೆ, ಎರಡು ಹೋಳು. ಎರಡನೇ ರಾಜನಿಗೆ ತೂತು ಕೊರೆದು ಹೊಡೆದೆ, ತೂತು ಸಣ್ಣದಾಯಿತು, ಅವನೂ ಹೋದ. ಮೂರನೆಯವನಿಗೆ ಮೊಳೆಯಷ್ಟೇ ದಪ್ಪದ ತೂತು ಕೊರೆದು, ಮೇಣ ಸವರಿ, ಸುತ್ತಿಗೆ ಮುಟ್ಟದೆ ಹೆಬ್ಬೆರಳಲ್ಲಿ ಒತ್ತಿ ಕೂರಿಸಿದೆ. ಈಗ ನಿಮ್ಮ ನಡುವೆ ಓಡಾಡುತ್ತಿರುವವನು ಅವನೇ.

ಬಾಯಿಗೆ ಹಾಕಿಕೊಳ್ಳಬೇಡಿ ಅಂದೆನಲ್ಲ. ಎಸ್ಟೋನಿಯಾದ ಸಾಲ್ಮೆ ಅನ್ನುವಲ್ಲಿ 2008ರಲ್ಲಿ ಒಂದು, 2010ರಲ್ಲಿ ಇನ್ನೊಂದು, ಹೀಗೆ ಎರಡು ಹಡಗು ಸಮಾಧಿ ಸಿಕ್ಕವು. ಸುಮಾರು ಕ್ರಿ.ಶ. 750ರದ್ದು. ಹಡಗುಗಳ ತುಂಬ ಸತ್ತ ಯೋಧರು, ಅವರ ನಡುವೆ ನೂರಾರು ಆಟದ ಕಾಯಿ. ದೊಡ್ಡ ಹಡಗಿನಲ್ಲಿ ಒಬ್ಬ ಮುಖಂಡನ ಬಾಯಿಯಲ್ಲಿ ರಾಜನ ಕಾಯಿ ಇಟ್ಟಿದ್ದರು. ಯಾಕಿಟ್ಟರು ಅಂತ ಇಟ್ಟವರಿಗೇ ಗೊತ್ತು. ನನಗೆ ನಮ್ಮಲ್ಲಿ ಹೋದವರ ಬಾಯಿಗೆ ಅಕ್ಕಿಕಾಳು ಹಾಕುವುದು ನೆನಪಾಯಿತು. ಅದೂ ಬರೀ ಹೋಲಿಕೆ, ಮತ್ತೆ ವಾಟ್ಸಾಪ್ ಬೇಡ.

ಇಲ್ಲಿಂದ ಉತ್ತರಕ್ಕೆ ಓಕೆಲ್‌ಬೋ ಅಂತ ಊರಿದೆ. ಅಲ್ಲಿನ ರೂನ್ ಶಿಲೆಯ, ಅಂದರೆ ವೈಕಿಂಗರ ಲಿಪಿ ಕೆತ್ತಿದ ಕಲ್ಲಿನ ಮೇಲೆ ಇಬ್ಬರು ಎದುರುಬದುರು ಕೂತು ಮಣೆ ಆಡುವ ಚಿತ್ರ ಇತ್ತು. ಇತ್ತು ಅಂದೆ, ಯಾಕೆಂದರೆ 1904ರಲ್ಲಿ ಚರ್ಚಿಗೆ ಬೆಂಕಿ ಬಿದ್ದಾಗ ಕಲ್ಲೂ ಹಾಳಾಯಿತು. ಈಗಿರುವುದು ನಕಲು. ಕಲ್ಲು ಸುಟ್ಟಿತು, ಆಟ ಅದಕ್ಕೂ ಎಷ್ಟೋ ಮುಂಚೆ ಮರೆಯಾಗಿತ್ತು. 11, 12ನೇ ಶತಮಾನದಲ್ಲಿ ಚದುರಂಗ ಬಂತು. ಮೂಲ ನಮ್ಮದೇ ಚದುರಂಗ, ಪರ್ಷಿಯಾ, ಅರಬರು ಅಂತ ಸುತ್ತಿ ಬಂದದ್ದು. ಅದು ಬಂದ ಮೇಲೆ ಮುಷ್ಟಿಮಣೆ ಮೂಲೆ ಸೇರಿತು. ನಮ್ಮ ಮನೆಯ ಆಟ ಇವರ ಮನೆಯ ಆಟವನ್ನು ಓಡಿಸಿತು ಅನ್ನಿ. ಇದನ್ನು ಬೇಕಾದರೆ ವಾಟ್ಸಾಪ್‌ನಲ್ಲಿ ಹಾಕಿ, ಇದು ನಿಜ.

ಇನ್ನೊಂದು ಹೇಳದೆ ಬಿಡಲಾರೆ. ನಾರ್ವೆಯಲ್ಲಿ 1880ರಲ್ಲಿ ಅಗೆದ ಗೋಕ್‌ಸ್ಟಾಡ್ ಹಡಗಿನಲ್ಲಿ ಮುರಿದ ಒಂದು ಆಟದ ಹಲಗೆ ಸಿಕ್ಕಿತು. ಒಂದು ಮಗ್ಗುಲಿಗೆ ಚೌಕದ ಮನೆಗಳು. ತಿರುಗಿಸಿದರೆ ಚೌಕದೊಳಗೆ ಚೌಕದೊಳಗೆ ಚೌಕ. ಫೋಟೋ ನೋಡಿ ಕುರ್ಚಿಯಿಂದ ಎದ್ದುಬಿಟ್ಟೆ. ನಮ್ಮ ಸಾಲುಮನೆ! ಹಳೇ ದೇವಸ್ಥಾನಗಳ ಕಲ್ಲುಜಗಲಿಯ ಮೇಲೆ ಕೊರೆದಿರುತ್ತಾರಲ್ಲ, ಮೂರು ಕಾಯಿ ಸಾಲಾದರೆ ಎದುರಿನವನದ್ದು ಒಂದು ಕಿತ್ತುಕೊಳ್ಳುವುದು, ಅದೇ ಮನೆ. ರೋಮನ್ನರ ಕಾಲದಿಂದಲೂ ಊರೂರು ಸುತ್ತಿರುವ ಆಟ ಅದು.

ಈಗ ಆ ಬೇರೆ ಜಾತಿಯ ಕಾಯಿ. ಚೀಲದಲ್ಲಿ ಹುಣಸೆ ಬೀಜ ಯಾಕೆ ಅಂತ ಹಿಂದಿನ ಸಾಲಿನವರು ಆಗಲೇ ಪಿಸುಗುಡುತ್ತಿದ್ದೀರಿ.

ಹೋದ ಬೇಸಿಗೆಯಲ್ಲಿ ಅಮ್ಮ ಬಂದಿದ್ದರು. ಮಣೆ ಹಾಸಿ ನಿಯಮ ಹೇಳಲು ಶುರು ಮಾಡಿದೆ. ಅರ್ಧಕ್ಕೇ ತಡೆದು, "ಗೊತ್ತಾಯ್ತು ಬಿಡೋ, ನಾನು ಕಟ್ಟಿ ಹಾಕೋಳು, ನೀನು ಓಡೋನು, ಆಡು" ಅಂದರು. ರಾಜನ ಕಡೆಗೆ ಗೆಲುವು ಸುಲಭ ಅಂತ ಓದಿದ್ದೆನಲ್ಲ, ಧೈರ್ಯವಾಗಿ ಆಡಿದೆ. ಅಮ್ಮ ನನ್ನ ಕಾಯಿಯನ್ನು ಹೊಡೆಯಲು ಬರಲೇ ಇಲ್ಲ. ಸುಮ್ಮನೆ ದೂರದಲ್ಲಿ ಒಂದೊಂದೇ ಬಿಳಿ ಕಾಯಿ ಇಟ್ಟು ಬೇಲಿ ಹಾಕಿದರು. ಹುಲಿ-ಕುರಿಯಲ್ಲಿ ಕುರಿ ಹಿಡಿದವರ ಬುದ್ಧಿ. ಹದಿನೈದು ನಿಮಿಷಕ್ಕೆ ನನ್ನ ರಾಜನಿಗೆ ಕದಲಲು ಜಾಗ ಇರಲಿಲ್ಲ. ಮೂರು ಆಟ ಆಡಿದೆವು, ಮೂರೂ ಅವರದ್ದೇ. ಒಂದು ಸಲವೂ ನನಗೆ ರೈಚಿ ಅನ್ನುವ ಭಾಗ್ಯ ಬರಲಿಲ್ಲ.

ನಾಲ್ಕನೇ ಆಟಕ್ಕೆ ಜೋಡಿಸುವಾಗ ಒಂದು ಕಪ್ಪು ಕಾಯಿ ಬಾಲ್ಕನಿಯ ಸಂದಿಯಿಂದ ಕೆಳಗಿನ ಪೊದೆಗೆ ಬಿತ್ತು. ಹುಡುಕಿದೆ, ಸಿಗಲಿಲ್ಲ. ಹೊಸದು ಮಾಡುತ್ತೇನೆ, ಓಕ್ ತುಂಡು ತರಬೇಕು, ಮೊಳೆ ನೆನೆಹಾಕಬೇಕು ಅಂತ ನಾನು ಹೇಳುತ್ತಿರುವಾಗಲೇ ಅಮ್ಮ ಒಳಗೆ ಹೋಗಿ ಸಾರಿಗೆ ನೆನೆಸಿದ್ದ ಹುಣಸೆಹಣ್ಣಿನಿಂದ ಒಂದು ಬೀಜ ತೆಗೆದು, ತೊಳೆದು, ಸೆರಗಿನಲ್ಲಿ ಒರೆಸಿ, ರಾಜನ ಎಡಗಡೆ ಇಟ್ಟರು.

ಈಗ ಮಣೆ ಇಲ್ಲಿದೆ. ಚೀಲ ವಾಪಸ್ ಬಂತಾ? ಬಿಳಿ ಹಿಡಿಯುವವರು ಯಾರು, ಮುಂದೆ ಬನ್ನಿ.